ಕಣ್ಣೆರಡು ಬಿಟ್ಟು ಎಲ್ಲಿಗಾದ್ರೂ ಹೊಡೀರಿ ಸಾ
(ರಾಮನಗರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಮ್ಮನ್ನು ಇಸ್ಕೂಲಿಗೆ ಸೇರಿಸಿದ ದಿನ ನಮ್ಮಪ್ಪಂದಿರು ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಹೇಳಿದ್ದು ಒಂದೇ ಮಾತು: 'ಕಣ್ಣೆರಡು ಬುಟ್ಟು ಎಲ್ಲಿಗಾದ್ರೂ ಹೊಡೀರಿ ಸಾ, ಬುದ್ಧಿ ಬಂದ್ರೆ ಸಾಕು.' ಅದು ಪ್ರೀತಿಯ ಮಾತೇ. ಆದರೆ ಏಟಿಲ್ಲದೆ ನಮಗೆ ಬುದ್ಧಿ ಬರುವುದಿಲ್ಲ ಅಂತ ಅವರನ್ನು ನಂಬಿಸಿದ್ದು ಯಾರು? ಗೌಡರ ಹೊಲದ ಬಾರುಕೋಲಲ್ಲವೇ?

ಏಟು ಎಲ್ಲರ ಮಕ್ಕಳಿಗೂ ಬೀಳುತ್ತೆ, ನಿಜ. ನಮ್ಮ ಬೆನ್ನಿಗೆ ಬೀಳುವಾಗ ಜೊತೆಗೆ ಜಾತಿಯ ಹೆಸರೂ ಬೀಳುತ್ತೆ. ಬಾಸುಂಡೆ ನಾಲ್ಕು ದಿನಕ್ಕೆ ಮಾಯುತ್ತೆ, ಆ ಮಾತು ಮಾಯಲ್ಲ. ಕಕ್ಕಸು ತೊಳೆಯೋಕೆ ಯಾವ ಮಕ್ಕಳ ಹೆಸರು ಕೂಗ್ತಾರೆ, ನೋಡಿ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕು ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೇ ಇಳಿಸಿದರು. ಬಾಬಾಸಾಹೇಬರು ಗೋಣಿತಟ್ಟಿನ ಮೇಲೆ ಕೂತು ಓದಿ ನೂರು ವರ್ಷ ದಾಟಿದ ಮೇಲೆ!

ಏಟಿಗೆ ಹೆದರಿ ಇಸ್ಕೂಲು ಬಿಟ್ಟ ಮಗು ಎಲ್ಲಿಗೆ ಹೋಗುತ್ತೆ? ನಮ್ಮದು ರೇಷ್ಮೆ ಸೀಮೆ, ನಮಗೆ ಗೊತ್ತು. ಮಾಗಡಿಯ ಹುರಿ ಮಿಷನ್ನುಗಳಲ್ಲಿ, ರಾಮನಗರದ ಫಿಲೇಚರ್‌ಗಳ ಬಿಸಿನೀರಿನಲ್ಲಿ ಅಪ್ಪ ಪಡೆದ ಮುಂಗಡಕ್ಕೆ ದುಡಿದ ಮಕ್ಕಳ ಕತೆಯನ್ನು ಹ್ಯೂಮನ್ ರೈಟ್ಸ್ ವಾಚ್ 1996ರಲ್ಲೂ 2003ರಲ್ಲೂ ವರದಿ ಮಾಡಿತು. ಆ ಮಕ್ಕಳನ್ನು ಬಡತನ ತಳ್ಳಿತು. ವಾಪಸು ಬರುವ ಬಾಗಿಲಲ್ಲಿ ಬೆತ್ತ ನಿಂತಿತ್ತು. ಆಲೆಮರ ಕಡೆದು ಅರಗು ಹಚ್ಚುವ ಚನ್ನಪಟ್ಟಣದ ಕೈಗಳನ್ನು ಕೇಳಿ: ಬಡಿದರೆ ಮರ ಬೊಂಬೆ ಆಗಲ್ಲ, ಸೀಳುತ್ತೆ.

ಕಾನೂನು ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಪ್ರಕಾರ ಮಗುವನ್ನು ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧ ಹೆಂಗಸರು ಇರಬೇಕು ಅಂತ ಅದೇ ಕಾಯ್ದೆ ಹೇಳುತ್ತೆ. ಆದರೆ ನಮ್ಮ ಕೇರಿಯ ಅವ್ವಂದಿರು ಅಲ್ಲಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬರ್ತಾರೆ, ಅಷ್ಟೆ.

ಇಲ್ಲಿದೆ ನಮ್ಮ ಕೆಲಸ. ಊರಿಗೆ ಹೋದಾಗ ಆ ಕಲಮನ್ನು ಕೇರಿಯಲ್ಲಿ ಓದಿ ಹೇಳೋಣ. ಅವ್ವನ ಜೊತೆ ಸಮಿತಿಯ ಸಭೆಗೆ ಹೋಗೋಣ. ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಮಾತಾಡಲಿ. 1098ರ ನಂಬರನ್ನು ಗೋಡೆಗೆ ಬರೆಯೋಣ. ಒಬ್ಬ ಅಪ್ಪ ಹೋದರೆ ಗದರಿಸಿ ಕಳಿಸ್ತಾರೆ. ಕೇರಿಯೇ ಹೋದರೆ ದೂರು ಬರಕೊಳ್ತಾರೆ. ಮಕ್ಕಳನ್ನು ಎದೆಗಪ್ಪಿ ಓದಿಸಿದ ಮೇಷ್ಟ್ರುಗಳೂ ಇದ್ದಾರೆ. ಅವರನ್ನೂ ಜೊತೆಗೆ ಕರೆಯೋಣ.

ಕೊನೆಗೊಂದು ಕಹಿ ಮಾತು. ಹಾಸ್ಟೆಲಿನಲ್ಲಿ ದೊಡ್ಡವರಾದ ನಾವು ಚಿಕ್ಕ ಹುಡುಗರ ಕೈಲಿ ಬಟ್ಟೆ ಒಗೆಸಿಲ್ಲವೇ? ಕೆನ್ನೆಗೆ ಬಾರಿಸಿಲ್ಲವೇ? ಆ ಬಾರುಕೋಲು ನಮ್ಮ ಕೈಗೂ ಬಂದಿದೆ ಗೆಳೆಯರೇ. ಮೊದಲು ನಮ್ಮ ಕೈ ಇಳಿಸೋಣ. ಆಮೇಲೆ ಮೇಷ್ಟ್ರ ಕೈ ಹಿಡಿಯೋಣ.

ಜೈ ಭೀಮ್.