ಮಗಳು ಕ್ರಿಮಿನಾಲಜಿ ಓದ್ತೇನೆ ಅಂದರೆ

(ಜುಬೈಲ್‌ನಲ್ಲಿ ನಡೆದ ಕುಟುಂಬ ಸಂಗಮದಲ್ಲಿ ಶಿಕ್ಷಣ ಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಮಿತಿಗೆ ಪ್ರತಿ ವರ್ಷ ಬರುವ ಅರ್ಜಿಗಳು ನಿಮಗೆ ಗೊತ್ತೇ ಇದೆ. ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ. ಈ ಸಲ ಬೇರೆಯದೊಂದು ಬಂತು. ಬಿ.ಎ. ಮುಗಿಸಿದ ಒಬ್ಬಳು ಹುಡುಗಿ, ಅಪರಾಧಶಾಸ್ತ್ರ ಮತ್ತು ನ್ಯಾಯಾಡಳಿತದಲ್ಲಿ ಸ್ನಾತಕೋತ್ತರ ಪದವಿ ಮಾಡ್ತೇನೆ, ಫೀಸಿಗೆ ಸಹಾಯ ಬೇಕು ಅಂತ ಬರೆದಿದ್ದಳು. ಮರುದಿನವೇ ಅವಳ ಉಪ್ಪನ ಫೋನು. "ಅವಳಿಗೆ ಕೊಡಬೇಡಿ. ಪೊಲೀಸು, ಕೋರ್ಟು, ಜೈಲು ಅಂತ ಹೆಣ್ಣುಮಗುವಿಗೆ ಯಾಕೆ? ಬಿ.ಎಡ್. ಮಾಡಲಿ."

ನಮಗೆ ನಗು ಬಂತು. ಆಮೇಲೆ ಯೋಚಿಸಿದರೆ, ನಮ್ಮ ಮಕ್ಕಳು ಹೇಳಿದ್ದರೆ ನಾವೂ ಅದನ್ನೇ ಹೇಳುತ್ತಿದ್ದೆವು. ಎರಡು ಶುಕ್ರವಾರ ಕೂತು ಆ ಅರ್ಜಿಯ ಬಗ್ಗೆ ಮಾತಾಡಿದೆವು. ಅಲ್ಲಿ ಬಂದ ಮಾತನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ.

ಮಾತಿನ ನಡುವೆ ನೆನಪಾದದ್ದು ಕಳೆದ ವರ್ಷದ ಒಂದು ಸಂಗತಿ. ನಮ್ಮ ರೂಮಿನವರೊಬ್ಬರ ತಮ್ಮ ಊರಿನಲ್ಲಿ ಒಂದು ಹೊಡೆದಾಟದ ಕೇಸಿನಲ್ಲಿ ಸಿಕ್ಕಿಬಿದ್ದ. ತಪ್ಪು ಅವನದ್ದೋ ಅಲ್ಲವೋ, ಅದು ಕೋರ್ಟು ಹೇಳಬೇಕಾದದ್ದು. ಜಾಮೀನು ಸಿಕ್ಕಿತು. ಆದರೆ ಇಬ್ಬರು ಜಾಮೀನುದಾರರು ಆರ್‌ಟಿಸಿ ಹಿಡಿದುಕೊಂಡು ಬಂದು ನಿಲ್ಲಬೇಕಿತ್ತು. ಉಪ್ಪ ತೀರಿಕೊಂಡಿದ್ದಾರೆ, ಇದ್ದ ಜಾಗ ಬ್ಯಾಂಕಿನಲ್ಲಿ ಅಡವು. ನಾವು ಇಲ್ಲಿಂದ ಮೂರು ಸಲ ದುಡ್ಡು ಕಳಿಸಿದೆವು. ಜಾಮೀನು ಆದೇಶ ಕೈಯಲ್ಲಿ ಇಟ್ಟುಕೊಂಡೇ ಆ ಹುಡುಗ ಎರಡು ತಿಂಗಳು ಒಳಗಿದ್ದ.

ಆಗ ನಮಗೆ ಗೊತ್ತಿಲ್ಲದ ಸಂಗತಿಗಳು ಕೇಳಿ. ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಉಚಿತ ವಕೀಲರನ್ನು ಕೇಳಬಹುದು. ಜಾಮೀನು ಸಿಕ್ಕಿ 7 ದಿನದಲ್ಲಿ ಹೊರಗೆ ಬರದಿದ್ದರೆ ಜೈಲಿನ ಸೂಪರಿಂಟೆಂಡೆಂಟ್ ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ, ಷರತ್ತು ಸಡಿಲಿಸಬಹುದೇ ಎಂದು ಕೋರ್ಟು ತಾನಾಗಿಯೇ ನೋಡಬಹುದು. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ಹೀಗೆ ಹೇಳಿದೆ. ನಮಗೆ ಗೊತ್ತಿದ್ದದ್ದು ವೆಸ್ಟರ್ನ್ ಯೂನಿಯನ್ ಕೌಂಟರು ಮಾತ್ರ.

ಆ ಹುಡುಗಿ ಓದಲು ಹೊರಟಿರುವುದು ಇದನ್ನೇ. ಕ್ರಿಮಿನಾಲಜಿ ಅಂದರೆ ಬರೀ ಬೆರಳಚ್ಚು, ಸೀರಿಯಲ್‌ನಲ್ಲಿ ತೋರಿಸುವ ಪತ್ತೇದಾರಿ ಅಂತ ತಿಳಿದುಕೊಂಡಿದ್ದೆವು. ಒಬ್ಬ ಮನುಷ್ಯನನ್ನು ಹಿಡಿದಲ್ಲಿಂದ ಎಫ್‌ಐಆರ್, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಿ, ಜಾಮೀನು, ಆರೋಪಪಟ್ಟಿ, ವಿಚಾರಣೆ, ಜೈಲು, ಬಿಡುಗಡೆಯಾದ ಮೇಲೆ ಅವನ ಗತಿ, ಜೊತೆಗೆ ಅನ್ಯಾಯಕ್ಕೆ ಒಳಗಾದವರ ಗತಿ, ಇಷ್ಟೂ ಅದರಲ್ಲಿ ಬರುತ್ತದೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯದ ಎಂ.ಎಸ್.ಡಬ್ಲ್ಯು. ಇದೆ. ಆ ಸಂಸ್ಥೆಯದ್ದೇ 'ಪ್ರಯಾಸ್' ಎಂಬ ಯೋಜನೆ 1990ರಿಂದ ಜೈಲಿನಲ್ಲಿರುವವರ ಜೊತೆ ಕೆಲಸ ಮಾಡುತ್ತಿದೆ. ದೂರ ಯಾಕೆ, ನಮ್ಮ ಮಂಗಳೂರಿನ ರೋಶನಿ ನಿಲಯದಲ್ಲೇ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ವಿಭಾಗ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಇದೆ. ಕೆಲಸ ಬಿಡಲಾಗದವರಿಗೆ ಇಗ್ನೋದ ಸ್ನಾತಕೋತ್ತರ ಡಿಪ್ಲೊಮಾ ಇದೆ.

2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅದರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನೂರರಲ್ಲಿ ಎಪ್ಪತ್ತೈದಕ್ಕಿಂತ ಹೆಚ್ಚು ಜನ, ಇನ್ನೂ ತಪ್ಪಿತಸ್ಥರೆಂದು ತೀರ್ಮಾನ ಆಗದವರು. ಇದು ಸರಕಾರದ್ದೇ ಲೆಕ್ಕ. ಅವರ ಮನೆಯವರೆಲ್ಲ ನಮ್ಮ ಹಾಗೆಯೇ ಯಾರ ಹತ್ತಿರ ಕೇಳುವುದು ಅಂತ ಗೊತ್ತಿಲ್ಲದೆ ಓಡಾಡುತ್ತಿರಬೇಕು.

ಹಾಗಂತ ನಾವು ಕಣ್ಣು ಮುಚ್ಚಿ ಹೊಗಳುತ್ತಿಲ್ಲ. ಈ ಪದವಿ ಎಲ್‌ಎಲ್‌ಬಿ ಅಲ್ಲ. ಇದನ್ನು ಮಾಡಿ ಕೋರ್ಟಿನಲ್ಲಿ ವಾದಿಸಲು ಆಗುವುದಿಲ್ಲ. ಪಿಎಸ್‌ಐ ಪರೀಕ್ಷೆಗೆ ಯಾವ ಪದವಿಯೂ ಸಾಕು, ಇದೇ ಬೇಕೆಂದಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು ಅಂತ ಇದೆ, ಹಾಗಾಗಿ ಆ ಕಡೆ ಕೆಲಸ ಹೆಚ್ಚಬಹುದು. ಆದರೆ ಲ್ಯಾಬಿಗೆ ಸೇರಲು ವಿಜ್ಞಾನ ಓದಿರಬೇಕು, ಬಿ.ಎ.ಯವರಿಗೆ ಆ ಬಾಗಿಲಿಲ್ಲ. ಅವರಿಗಿರುವುದು ಜೈಲಿನ ಕಲ್ಯಾಣಾಧಿಕಾರಿ, ಪ್ರೊಬೇಷನ್ ಅಧಿಕಾರಿಯಂಥ ಹುದ್ದೆಗಳು, ಮಕ್ಕಳ ಮತ್ತು ಮಹಿಳೆಯರ ಸಂಸ್ಥೆಗಳು, ನೆಟ್ ಪಾಸಾದರೆ ಕಾಲೇಜು. ಸರಕಾರಿ ಹುದ್ದೆಗೆ ನೋಟಿಫಿಕೇಶನ್ ಕಾಯಬೇಕು. ಶುರುವಿಗೆ ಸಂಬಳ ಕಡಿಮೆ. ಇಲ್ಲಿನ ರಿಯಾಲಿನ ಲೆಕ್ಕ ಹಾಕಿ ಮಗಳನ್ನು ಕಳಿಸಬೇಡಿ, ಬೇಜಾರಾದೀತು.

ಇನ್ನೊಂದು ಮಾತು ನಮಗೇ ಸಂಬಂಧಿಸಿದ್ದು. ಇಲ್ಲಿ ಶಿಕ್ಷೆಯಾದ ಭಾರತೀಯ ಉಳಿದ ಶಿಕ್ಷೆಯನ್ನು ಊರಿನ ಜೈಲಿನಲ್ಲಿ ಮುಗಿಸಲು ಭಾರತ ಮತ್ತು ಸೌದಿ 2010ರಲ್ಲೇ ಒಪ್ಪಂದ ಮಾಡಿಕೊಂಡಿವೆ. ಕೈದಿ ಒಪ್ಪಬೇಕು, ಎರಡೂ ಸರಕಾರ ಒಪ್ಪಬೇಕು. ಈ ಸಭೆಯಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು, ಕೈ ಎತ್ತಿ ನೋಡೋಣ. ಇಬ್ಬರು. ನಮ್ಮ ಸಮಿತಿಯಲ್ಲೂ ಮೊನ್ನೆವರೆಗೆ ಒಬ್ಬರಿಗೂ ಗೊತ್ತಿರಲಿಲ್ಲ.

ಎರಡನೇ ಶುಕ್ರವಾರ ನಾವು ಆ ಉಪ್ಪನನ್ನೇ ಕರೆದು ಕೂರಿಸಿ ಈ ಎಲ್ಲ ಹೇಳಿದೆವು, ಸಂಬಳದ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ತುಂಬ ಹೊತ್ತು ಸುಮ್ಮನಿದ್ದು, "ಮಂಗಳೂರಿನಲ್ಲೇ ಆದರೆ ಉಮ್ಮನ ಜೊತೆ ಮನೆಯಿಂದ ಹೋಗಿ ಬರಬಹುದಲ್ಲವಾ?" ಅಂತ ಕೇಳಿದರು. ಮೊದಲ ವರ್ಷದ ಅರ್ಧ ಫೀಸು ಸಮಿತಿ ಕೊಡುತ್ತದೆ, ಉಳಿದರ್ಧ ಅವರದ್ದು. ಈಗ ಅವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ತಿರುಗಿ ನೋಡಬೇಡಿ, ನಾಚಿಕೆಯಾಗುತ್ತದೆ ಅವರಿಗೆ. ಈ ವರ್ಷದ ಅರ್ಜಿ ಫಾರಂಗಳು ಚಾ ಇಟ್ಟ ಮೇಜಿನ ಪಕ್ಕದಲ್ಲಿವೆ.