ಅಜ್ಜನ ಕತ್ತಿ, ಮೊಮ್ಮಗಳ ಪ್ರಶ್ನೆ

(ಹಳ್ಳಿಯ ಹಿರಿಯರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಯಬೇಕಾದರೆ ಪ್ರಯೋಗಾಲಯ ಬೇಕು, ಪೇಟೆಯ ಶಾಲೆ ಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅವು ಇದ್ದರೆ ಒಳ್ಳೆಯದೇ. ಆದರೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಪ್ರತಿ ಮಳೆಗಾಲವೂ ಒಂದು ಪ್ರಯೋಗ ನಡೆಯುತ್ತದೆ. ತಮ್ಮ ಗಮನವನ್ನು ಅದರತ್ತ ಸೆಳೆಯಬಯಸುತ್ತೇನೆ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದನ್ನು ನೀವೆಲ್ಲ ಕಂಡಿದ್ದೀರಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಬೆರೆಸಿದ ಮೇಲೆ ಅಜ್ಜ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸುತ್ತಾರೆ. ಅದೇ ಮನೆಯ ಮೊಮ್ಮಗಳು ಒಳಗೆ ಕುಳಿತು, ತಾಮ್ರದ ಸಲ್ಫೇಟ್ ದ್ರಾವಣದಲ್ಲಿಟ್ಟ ಕಬ್ಬಿಣದ ಮೊಳೆ ಏನಾಗುತ್ತದೆ ಎಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಿರುತ್ತಾಳೆ. ಎರಡೂ ಒಂದೇ! ಸುಣ್ಣ ಸಾಲದಿದ್ದಾಗ ದ್ರಾವಣದಲ್ಲಿ ಬಿಡಿಯಾಗಿ ಉಳಿದ ತಾಮ್ರವನ್ನು ಕಬ್ಬಿಣವು ಹೊರದೂಡುತ್ತದೆ. ಆ ತಾಮ್ರವೇ ಅಲಗಿನ ಮೇಲೆ ಕೂರುತ್ತದೆ.

ಅಜ್ಜನಿಗೆ 'ಹೇಗೆ' ಎಂಬುದು ತಿಳಿದಿದೆ, ಮೊಮ್ಮಗಳಿಗೆ 'ಏಕೆ' ಎಂಬುದು ತಿಳಿದಿದೆ. ಇವರಿಬ್ಬರ ನಡುವೆ ಮಾತಿಲ್ಲದಿದ್ದರೆ ಒಬ್ಬರದು ಬರಿಯ ರೂಢಿಯಾಗಿಯೂ ಇನ್ನೊಬ್ಬರದು ಬರಿಯ ಅಂಕಗಳಾಗಿಯೂ ಉಳಿಯುತ್ತವೆ.

ಈ ದ್ರಾವಣದ ಹುಟ್ಟನ್ನೇ ನೋಡಿ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರೈತರು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣಗಳನ್ನು ಬಳಿಯುತ್ತಿದ್ದರು. 1882ರಲ್ಲಿ, ರೋಗದಿಂದ ಉಳಿದ ಬಳ್ಳಿಗಳ ಎಲೆ ಉದುರಿದಾಗಲೂ ಇವು ಮಾತ್ರ ಹಸಿರಾಗಿರುವುದನ್ನು ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಗಮನಿಸಿದರು, ಏಕೆಂದು ಕೇಳಿದರು. 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ರೈತರ ರೂಢಿಯೂ ವಿದ್ವಾಂಸರ ಪ್ರಶ್ನೆಯೂ ಸೇರಿದಲ್ಲಿ ವಿಜ್ಞಾನ ಹುಟ್ಟಿತು.

ಇಂತಹ ಪ್ರಶ್ನೆಯನ್ನು ಮಗು ಕೇಳಿದಾಗ 'ಸುಮ್ಮನಿರು, ಮೊದಲಿನಿಂದಲೂ ಹಾಗೆಯೇ' ಎಂದರೆ ಅಲ್ಲಿಗೆ ಅದು ಮುಗಿಯಿತು. ಹಿರಿಯರಿಗೆ ಎಲ್ಲ ಉತ್ತರಗಳೂ ತಿಳಿದಿರಬೇಕಿಲ್ಲ. 'ನನಗೂ ತಿಳಿಯದು ಮಗೂ, ನೋಡೋಣ' ಎಂಬ ಒಂದು ಮಾತು ಸಾಕು.

'ಅಜ್ಜಾ, ಕೊನೆಗೆ ಕೊಟ್ಟೆ ಕಟ್ಟುತ್ತಿದ್ದುದು ಯಾಕೆ?' ಎಂದು ಮಗು ಕೇಳಲಿ. 'ಕೊನೆಗೆ ನೀರು ತಾಗಬಾರದು ಅಂತ' ಎಂಬುದು ಅಜ್ಜನ ಉತ್ತರ. ಅದು ಸರಿಯಾದ ಉತ್ತರ. ಕೊಳೆಯ ರೋಗಾಣುವಿನ ಬೀಜಕಣಗಳು ನೀರಿನ ಪದರದಲ್ಲಿ ಈಜಿ ಹರಡುತ್ತವೆ. ಹಾಗಾದರೆ ಗಾಳಿ ಬೆಳಕು ಇರುವ ಅಂಚಿನ ಮರಗಳಿಗಿಂತ ತೇವ ನಿಲ್ಲುವ ತಗ್ಗಿನ ಮರಗಳಿಗೆ ಕೊಳೆ ಹೆಚ್ಚೇ? ಎರಡೂ ಕಡೆ ಐದೈದು ಮರಗಳನ್ನು ಗುರುತಿಸಿ, ಪ್ರತಿದಿನ ಉದುರಿದ ಕಾಯಿಗಳನ್ನು ಮಗು ಎಣಿಸಲಿ, ಮಳೆಯ ಹೆಚ್ಚು ಕಡಿಮೆಯೊಡನೆ ಬರೆದಿಡಲಿ. ಒಂದು ಎಚ್ಚರ: ಔಷಧ ಕೂಡಿಸುವಾಗ ಮಕ್ಕಳು ದೂರದಿಂದ ನೋಡಲಿ, ಮುಟ್ಟುವುದು ಬೇಡ.

ವಿದ್ಯಾರ್ಥಿಗಳೇ, ಇಂದು ನಮ್ಮ ಎಷ್ಟೋ ಮನೆಗಳಲ್ಲಿ ವೃದ್ಧರಿಬ್ಬರೇ ಉಳಿದಿದ್ದಾರೆ. ಅವರು ಕಂಡ ಮಳೆ, ರೋಗ, ತಳಿಗಳ ನೆನಪು ಯಾವ ಗ್ರಂಥಾಲಯದಲ್ಲಿಯೂ ದೊರೆಯದು. ರಜೆಗೆ ಊರಿಗೆ ಬಂದಾಗ ಒಂದು ನೋಟುಪುಸ್ತಕ ತನ್ನಿ, ಜಗಲಿಯಲ್ಲಿ ಅವರ ಬಳಿ ಕುಳಿತು ಕೇಳಿ. ಕೇಳಿದ್ದನ್ನು ಕೂಡಲೇ ನಂಬಲೂ ಬೇಡಿ, ಕೂಡಲೇ ತಳ್ಳಿಹಾಕಲೂ ಬೇಡಿ. ತೋಟಕ್ಕೆ ಇಳಿದು ಪರೀಕ್ಷಿಸಿ. ಈ ಮಾತುಕತೆಗೆ ಉಳಿದಿರುವ ಕಾಲ ಬಹಳವಿಲ್ಲ.