ಉತ್ತರಕ್ಕೆ ಸಹಿ ಹಾಕುವವರು ಯಾರು?

(ರಾಜ್ಯೋತ್ಸವಕ್ಕೆಂದು ಬೆಂಗಳೂರಿನಿಂದ ಊರಿಗೆ ಬಂದಿದ್ದ ಯುವಕ ಯುವತಿಯರ ಮುಂದೆ ಹುಲಿಕಲ್‌ನಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿಗೆ ಓದು ನಿಲ್ಲಿಸಿ ಅಚ್ಚುಮೊಳೆ ಜೋಡಿಸಲು ಕೂತವನು. ಇವತ್ತಿಗೂ ನನ್ನ ಹೊಟ್ಟೆ ತುಂಬುವುದು ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರಗಳಿಂದಲೇ. ನೀವೋ ಈ ಘಾಟಿಯ ಮಳೆಯಲ್ಲಿ ನೆನೆದು ಬೆಳೆದು, ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತವರು. ನಿಮಗೆ ಬುದ್ಧಿ ಹೇಳುವಷ್ಟು ನಾನು ಓದಿಲ್ಲ. ನನ್ನ ಕಸುಬು ಕಲಿಸಿದ ಒಂದು ಮಾತು ಮಾತ್ರ ಹೇಳುತ್ತೇನೆ. ಪ್ರಶ್ನೆ ಕೇಳುವುದು ಸುಲಭ. ಉತ್ತರ ಕೊಡುವವರಿಗೂ ನಮ್ಮಲ್ಲಿ ಬರವಿಲ್ಲ. ಆದರೆ "ಈ ಉತ್ತರ ಸರಿ" ಎಂದು ಸಹಿ ಹಾಕುವುದಿದೆಯಲ್ಲ, ಅದು ಕಷ್ಟದ ಕೆಲಸ!

ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇದೆ. ಅಚ್ಚು ಹಾಕುವ ಮೊದಲು ಪ್ರೂಫ್ ತೆಗೆದು ಗಿರಾಕಿಯ ಕೈಗೆ ಕೊಡುತ್ತೇವೆ. ಅವರು ಓದಿ, ತಿದ್ದಿ, "ಸರಿ ಇದೆ" ಎಂದು ಸಹಿ ಮಾಡಬೇಕು. ಸಹಿ ಬಿದ್ದ ಮೇಲೆ ಯಂತ್ರ ತಿರುಗುತ್ತದೆ. ಓದದೆ ಸಹಿ ಹಾಕುವವರೇ ಹೆಚ್ಚು ಎಂಬುದು ಬೇರೆ ಮಾತು.

ಕೆಲವು ವರ್ಷಗಳ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರು ಮನೆಯ ಮದುವೆಗೆ ಪತ್ರಿಕೆ ಮಾಡಿಸಲು ಬಂದರು. ಊರಿಗೆಲ್ಲ ದೊಡ್ಡ ಹೆಸರು. ಅವರು ಬರೆದುಕೊಟ್ಟ ಕಾಗದದಲ್ಲಿ "ಆರ್ಶೀವಾದ" ಎಂದಿತ್ತು. ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗ ಎಸ್ಸೆಸ್ಸೆಲ್ಸಿ ಫೇಲು. ಅವನು ಬಂದು, "ಅಣ್ಣಾ, ಇದು ಆಶೀರ್ವಾದ ಆಗಬೇಕು. ಅರ್ಕಾವೊತ್ತು 'ವಾ'ಕ್ಕೆ ಸೇರಬೇಕು, 'ಶೀ'ಗಲ್ಲ" ಅಂದ. ನಾನು ರೇಗಿದೆ. "ಅವರು ಮೂವತ್ತು ವರ್ಷ ಪಾಠ ಹೇಳಿದವರು. ನೀನು ಯಾವ ಊರಿನ ಪಂಡಿತನೋ?" ಹುಡುಗ ಬಾಯಿ ಮುಚ್ಚಿಕೊಂಡ. ಐನೂರು ಪತ್ರಿಕೆ ಅಚ್ಚಾದವು. ಹಂಚಲು ಹೊರಟಾಗ ಬೀಗರ ಮನೆಯವರೇ ತಪ್ಪು ಹಿಡಿದರು. ಐನೂರನ್ನೂ ನನ್ನ ಖರ್ಚಿನಲ್ಲಿ ಮತ್ತೆ ಮಾಡಿಕೊಟ್ಟೆ.

ತಪ್ಪು ಯಾರದು? ಮೇಷ್ಟ್ರ ಕೈ ಜಾರಿತು, ಎಲ್ಲರ ಕೈಯೂ ಜಾರುತ್ತದೆ. ತಪ್ಪು ನನ್ನದು. ಕಪಾಟಿನಲ್ಲಿ ನಿಘಂಟು ಇತ್ತು. ನಾನು ಪದ ನೋಡಲಿಲ್ಲ, ಹೆಸರು ನೋಡಿದೆ!

ಗೆಳೆಯರೇ, ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ. ಆದರೆ ಅದು ಬರುವ ದಾರಿ ಯಾವುದು ಎಂದು ನೋಡಿ. ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರನ್ನು ನೆನೆಯಿರಿ. 1991ರಲ್ಲಿ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿದಾಗ ಅವರಿಗೆ ಎಪ್ಪತ್ತೆಂಟರ ಆಸುಪಾಸು. ಈ ಪದ ಸರಿಯೇ, ಆ ಪದದ ಮೂಲ ಯಾವುದು ಎಂದು ಓದುಗರು ಕೇಳುತ್ತಿದ್ದರು. ಅವರು ಉತ್ತರ ಕೊಡುತ್ತಿದ್ದರು. ಒಂದು ವಾರವಲ್ಲ, ಒಂದು ವರ್ಷವಲ್ಲ, ಎರಡು ದಶಕಕ್ಕೂ ಮಿಕ್ಕಿ! ಅವರು ಪ್ರಧಾನ ಸಂಪಾದಕರಾಗಿದ್ದ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ತೆರೆದು ನೋಡಿ. ಪದ ಇದೆ, ಅರ್ಥ ಇದೆ. ಅಲ್ಲಿಗೆ ಮುಗಿಯುವುದಿಲ್ಲ. ಆ ಪದವನ್ನು ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ ಬಳಸಿದ್ದಾರೆ ಎಂಬ ಪ್ರಯೋಗವನ್ನೂ ಕೊಟ್ಟಿದ್ದಾರೆ. ಅಂಥ ವಿದ್ವಾಂಸರೂ "ನಾನು ಹೇಳಿದೆ, ನಂಬು" ಅನ್ನಲಿಲ್ಲ. "ಇಗೋ ಆಧಾರ, ನೋಡಿಕೋ" ಅಂದರು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ, 2017ರಲ್ಲಿ ಪದ್ಮಶ್ರೀ, ಎಲ್ಲ ಆಮೇಲೆ ಬಂದವು. 2021ರಲ್ಲಿ, ನೂರೇಳನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಕನ್ನಡನಾಡು ಕಣ್ಣೀರು ಹಾಕಿದ್ದು ಆ ಉತ್ತರಗಳ ಋಣಕ್ಕೆ.

ಈಗ ನಿಮ್ಮ ಲೋಕಕ್ಕೆ ಬರುತ್ತೇನೆ. ಪ್ರೋಗ್ರಾಂ ಬರೆಯುವವರ 'ಸ್ಟ್ಯಾಕ್ ಓವರ್‌ಫ್ಲೋ' ನಿಮಗೆ ಗೊತ್ತು. 2008ರಲ್ಲಿ ಶುರುವಾದದ್ದು. ನನ್ನ ತಂಗಿಯ ಮಗ ಅದರ ಕಟ್ಟಳೆ ವಿವರಿಸಿದಾಗ ನನಗೆ ನಮ್ಮ ಪ್ರೂಫೇ ನೆನಪಾಯಿತು. ಪ್ರಶ್ನೆ ಕೇಳಿದವನು ಬಂದ ಉತ್ತರಗಳಲ್ಲಿ ತನಗೆ ಕೆಲಸ ಮಾಡಿದ್ದಕ್ಕೆ ಹಸಿರು ಗುರುತು ಹಾಕುತ್ತಾನೆ. ಉತ್ತರ ಕೊಟ್ಟವನಿಗೆ 15 ಅಂಕ. ಗುರುತು ಹಾಕಿದವನಿಗೂ 2 ಅಂಕ. ಅಂದರೆ ಒಪ್ಪಿಕೊಳ್ಳುವುದೂ ಒಂದು ದುಡಿಮೆ, ಅದಕ್ಕೂ ಕೂಲಿ ಇದೆ! ತನ್ನ ಉತ್ತರಕ್ಕೆ ತಾನೇ ಗುರುತು ಹಾಕಿಕೊಂಡರೆ ಅಂಕ ಇಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವರಿಗೆ ಅಲ್ಲಿ ಬೆಲೆ ಇಲ್ಲ.

ಮೊದಲು ಆ ಗುರುತಿನ ಉತ್ತರವೇ ಎಲ್ಲಕ್ಕಿಂತ ಮೇಲೆ ಕೂತಿರುತ್ತಿತ್ತು. 2021ರಲ್ಲಿ ಆ ಪಟ್ಟ ತೆಗೆದರು. ಯಾಕೆ? ಕೇಳಿದವನು ಒಪ್ಪಿದ ಉತ್ತರಕ್ಕಿಂತ ಒಳ್ಳೆಯದು ಆಮೇಲೆ ಬರಬಹುದು. ಹತ್ತು ವರ್ಷದ ಹಿಂದೆ ಸರಿಯಾಗಿದ್ದದ್ದು ಇವತ್ತು ಕೆಡಬಹುದು. ಗುರುತು ಹೇಳುವುದು "ನನಗೆ ಕೆಲಸ ಮಾಡಿತು" ಎಂದಷ್ಟೇ. ವೇದವಾಕ್ಯ ಎಂದಲ್ಲ.

ಇದು ಹೊರಗಿನ ವಿದ್ಯೆ ಅಂದುಕೊಳ್ಳಬೇಡಿ. ನಮ್ಮ ತೋಟದಲ್ಲೇ ಇದೆ. ಅಡಿಕೆಯ ಕೊಳೆರೋಗ ಗೊತ್ತಿಲ್ಲದ ಮನೆ ಇಲ್ಲಿ ಇದೆಯೇ? ನಮ್ಮ ಹಿರಿಯರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು. ಬೋರ್ಡೋ ದ್ರಾವಣ ಹೊಡೆಯಿರಿ ಅಂದರು. ಅದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1880ರ ದಶಕದಲ್ಲಿ ಹುಟ್ಟಿದ ಮದ್ದು. ನಮ್ಮವರು ಸಾಹೇಬರ ಹೆಸರು ಕೇಳಿ ಕೈಮುಗಿದು ಒಪ್ಪಿದ್ದಲ್ಲ. ಹೊಡೆದು ನೋಡಿದರು, ಉದುರುವ ಕಾಯಿ ನಿಂತವು, ಒಪ್ಪಿದರು.

ಇವತ್ತಿಗೂ ಮಾಡುವುದು ಹೇಗೆ? ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕಲಸಿದ ಮೇಲೆ ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ ನೋಡುತ್ತೇವೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಸೂತ್ರ ಕೊಟ್ಟವರು ವಿಜ್ಞಾನಿಯೇ ಇರಲಿ, ಕಲಸಿದವನು ಊರಿನ ಪಟೇಲನೇ ಇರಲಿ, ಕತ್ತಿ ಮುಲಾಜು ನೋಡುವುದಿಲ್ಲ! ತಮ್ಮಂದಿರೇ, ಪ್ರತಿ ಉತ್ತರಕ್ಕೂ ಇಂಥದೊಂದು ಕತ್ತಿ ಇಟ್ಟುಕೊಳ್ಳಿ. ಇವತ್ತು ಯಂತ್ರಗಳೇ ನಿಮಿಷಕ್ಕೊಂದು ಉತ್ತರ ಹೊಸೆದು ಕೊಡುವ ಕಾಲ. ಕತ್ತಿ ಇನ್ನಷ್ಟು ಹರಿತ ಇರಬೇಕು.

ಈಗ ನನ್ನ ಹೊಟ್ಟೆಯ ಸಂಕಟಕ್ಕೆ ಬರುತ್ತೇನೆ. ಆ ಸ್ಟ್ಯಾಕ್ ಓವರ್‌ಫ್ಲೋ ಇಂಗ್ಲಿಷ್ ಬಿಟ್ಟರೆ ಪೋರ್ಚುಗೀಸ್, ಸ್ಪ್ಯಾನಿಷ್, ರಷ್ಯನ್, ಜಪಾನೀ ಭಾಷೆಗಳಲ್ಲೂ ಇದೆ. ಕನ್ನಡದಲ್ಲಿಲ್ಲ. ಯಾರನ್ನು ಬೈಯೋಣ? ದೆಹಲಿಯನ್ನೇ? ಅಮೆರಿಕವನ್ನೇ? ಮೊದಲು ಕನ್ನಡಿಯಲ್ಲಿ ನಮ್ಮ ಮುಖ ನೋಡಿಕೊಳ್ಳೋಣ!

ನಿಮ್ಮ ಅಪ್ಪ ಫೋನ್ ಮಾಡಿ ಕೇಳುತ್ತಾರೆ. ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಏನು ಮಾಡಲಿ? ಮೊಬೈಲಿನಲ್ಲಿ ಕನ್ನಡ ಅಕ್ಷರ ಬರುತ್ತಿಲ್ಲ, ಏನು ಮಾಡಲಿ? ನೀವು ಇಂಗ್ಲಿಷಿನಲ್ಲಿ ಹುಡುಕಿ, ಉತ್ತರ ಹಿಡಿದು, ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತೀರಿ. ಅಪ್ಪ ಮಾಡಿ ನೋಡುತ್ತಾರೆ, ಸರಿಹೋಗುತ್ತದೆ. ಫೋನ್ ಇಟ್ಟರೆ ಆ ಉತ್ತರ ಸತ್ತಂತೆ! ನಾಳೆ ಪಕ್ಕದ ಮನೆಯ ಚಿಕ್ಕಪ್ಪನಿಗೂ ಅದೇ ತೊಂದರೆ, ಮತ್ತೆ ಅದೇ ಹುಡುಕಾಟ. ಕನ್ನಡದಲ್ಲಿ ಉತ್ತರ ಹುಟ್ಟಿತ್ತು. ಬರೆದಿಡುವವರು ಇರಲಿಲ್ಲ, "ಸರಿ ಇದೆ" ಎಂದು ಸಹಿ ಹಾಕುವವರೂ ಇರಲಿಲ್ಲ. ಹೀಗೆ ನಮ್ಮ ಭಾಷೆ ಕೇಳುವುದಕ್ಕೆ ಮಾತ್ರ, ಉತ್ತರಕ್ಕೆ ಇಂಗ್ಲಿಷ್ ಎಂಬ ಗತಿ ಬಂದಿದೆ. ಉತ್ತರ ಸಿಗದ ಭಾಷೆಯಲ್ಲಿ ನಾಳೆ ಪ್ರಶ್ನೆ ಕೇಳುವವರೂ ಇರುವುದಿಲ್ಲ, ನೆನಪಿಡಿ!

ಬೇರೆ ದಾರಿ ಇದೆ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕನ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ಮಾಡಿ ನೋಡಿದವನೇ ಬರೆದ, ಇನ್ನೊಬ್ಬ ತೋಟದವನು ಓದಿದ. ಡಿಗ್ರಿ ಇಲ್ಲದವನಿಗೂ ಹೆಸರು ಬಂತು.

ಹಾಗಾಗಿ ನಿಮ್ಮಲ್ಲಿ ಬೇಡಿಕೆ ಮೂರೇ. ಒಂದು, ಯಾರಾದರೂ ಕೊಟ್ಟ ಉತ್ತರದಿಂದ ಕೆಲಸವಾದರೆ ವಾಪಸು ಬಂದು "ಆಯಿತು" ಅನ್ನಿ. ಆಗದಿದ್ದರೆ "ಆಗಲಿಲ್ಲ" ಅನ್ನಿ. ಸುಮ್ಮನೆ ಎದ್ದು ಹೋಗುವುದು ಉಂಡ ಮನೆಗೆ ಬೆನ್ನು ತೋರಿಸಿದಂತೆ. ಎರಡು, ಉತ್ತರ ಹೇಳಿದವನ ಅಂಗಿ ನೋಡಬೇಡಿ, ಆಧಾರ ಕೇಳಿ. ಮೂರು, ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನು ಕನ್ನಡದಲ್ಲಿ ಬರೆದಿಡಿ. ದಿನಕ್ಕೊಂದು ಬೇಡ, ತಿಂಗಳಿಗೊಂದು ಸಾಕು.

ಆ ಹುಡುಗನ ಕಥೆ ಮುಗಿಸಿಬಿಡುತ್ತೇನೆ. ಮಾರನೆಯ ದಿನವೇ ಅವನನ್ನು ಕರೆದು ಹೇಳಿದೆ: "ಇನ್ನು ಮೇಲೆ ಗಿರಾಕಿಯ ಸಹಿಗಿಂತ ಮೊದಲು ನಿನ್ನ ಸಹಿ ಬೀಳಬೇಕು." ಅವತ್ತಿನಿಂದ ನಮ್ಮ ಪ್ರೂಫಿನ ಮೂಲೆಯಲ್ಲಿ ಎರಡು ಸಹಿ ಇರುತ್ತವೆ. ಅವನು ನಿಘಂಟು ತೆರೆಯದೆ ಸಹಿ ಹಾಕಿದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಸಿರಿಗನ್ನಡಂ ಗೆಲ್ಗೆ!